ಮಗು ಒಳಗೆ, ನಾವು ಹೊರಗೆ: ಮಕ್ಕಳ ಚೆಸ್ ಟೂರ್ನಿ ನೋಡಲು ಹೋಗುವವರಿಗೆ

ಕಬಡ್ಡಿ, ಖೋಖೋ ನೋಡಲು ಹೋದರೆ ಗೆರೆಯ ಅಂಚಿಗೆ ನಿಂತು ಗಂಟಲು ಹರಿಯುವ ಹಾಗೆ ಕೂಗಬಹುದು. ಚೆಸ್ಸಿನಲ್ಲಿ ಕೂಗುವ ಹಾಗಿಲ್ಲ, ಸನ್ನೆ ಮಾಡುವ ಹಾಗಿಲ್ಲ, ಬಹಳ ಕಡೆ ಐದು ಹತ್ತು ನಿಮಿಷದ ಮೇಲೆ ಹಾಲಿನಲ್ಲಿ ನಿಲ್ಲಲೂ ಬಿಡುವುದಿಲ್ಲ. ನೋಡಲು ಹೋದವರ ದಿನ ಹೆಚ್ಚಾಗಿ ಕಾಯುವುದರಲ್ಲೇ ಕಳೆಯುತ್ತದೆ. ಆದರೂ ಹೋಗಬೇಕು, ಯಾಕೆಂದರೆ ಆಟ ಮುಗಿಸಿ ಬಾಗಿಲಿಗೆ ಬಂದ ಮಗು ಮೊದಲು ಹುಡುಕುವುದು ನಮ್ಮ ಮುಖವನ್ನು.

ಮಗಳನ್ನು ಕರೆದುಕೊಂಡು ಕಲಬುರಗಿ, ಬೀದರ್, ಯಾದಗಿರಿಯ ಟೂರ್ನಿಗಳಿಗೆ ಐದು ವರ್ಷ ತಿರುಗಿದ್ದೇನೆ. ಮೊದಲ ವರ್ಷ ನನಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನು ಇಲ್ಲಿ ಬರೆದಿದ್ದೇನೆ. ಅವ್ವ ಅಪ್ಪಂದಿರಿಗೆ ಮಾತ್ರ ಬರೆದದ್ದಲ್ಲ. ರಜೆಗೆ ಊರಿಗೆ ಬಂದ ಮಾಮಾ, ಕಾಕಾ, ಜೊತೆಗೆ ಹೊರಟೇಬಿಡುವ ಮುತ್ಯಾ, ಆಯಿ ಎಲ್ಲರಿಗೂ.

ಹೊರಡುವ ಮೊದಲು

ಮೊದಲು ಕೇಳಿಕೊಳ್ಳಬೇಕಾದದ್ದು ಟೈಮ್ ಕಂಟ್ರೋಲ್ ಎಷ್ಟು, ಅಂದರೆ ಒಂದು ಆಟಕ್ಕೆ ಒಬ್ಬೊಬ್ಬರಿಗೆ ಎಷ್ಟು ಹೊತ್ತು ಅಂತ. ನಿಮ್ಮ ಇಡೀ ದಿನದ ಲೆಕ್ಕ ಅದರ ಮೇಲೆ ನಿಂತಿದೆ. ನಮ್ಮ ಕಡೆ ಭಾನುವಾರ ನಡೆಯುವ ಒಂದು ದಿನದ ಟೂರ್ನಿಗಳು ಹೆಚ್ಚಾಗಿ ಬೇಗ ಮುಗಿಯುವ ರ‍್ಯಾಪಿಡ್. 15+5 ಅಂತ ಬರೆದಿದ್ದರೆ ಒಬ್ಬೊಬ್ಬರಿಗೆ 15 ನಿಮಿಷ, ಆಡಿದ ಒಂದೊಂದು ನಡೆಗೆ 5 ಸೆಕೆಂಡ್ ಸೇರುತ್ತಾ ಹೋಗುತ್ತದೆ. 60 ನಡೆಯ ಆಟ ಅಂದರೆ ಒಬ್ಬರಿಗೆ 20 ನಿಮಿಷ, ಇಬ್ಬರದೂ ಸೇರಿ 40 ನಿಮಿಷ. ಏಳು ರೌಂಡ್ ಇದ್ದು, ನಡುವೆ ಊಟ, ಮುಂದಿನ ಜೋಡಿ ಹಾಕುವ ಹೊತ್ತು ಎಲ್ಲ ಸೇರಿದರೆ ಬೆಳಿಗ್ಗೆ ಹೋದವರು ಸಂಜೆಗೇ ಮನೆಗೆ. ಕ್ಲಾಸಿಕಲ್ ಬೇರೆಯೇ ಲೋಕ. 90+30 ಇದ್ದರೆ ಅದೇ 60 ನಡೆಗೆ ಒಬ್ಬರಿಗೆ ಎರಡು ತಾಸು, ಒಟ್ಟು ನಾಲ್ಕು ತಾಸು. ದಿನಕ್ಕೆ ಒಂದೋ ಎರಡೋ ರೌಂಡ್, ಹೀಗೆ ಮೂರ್ನಾಲ್ಕು ದಿನ. ಬೀದರಿನಿಂದಲೋ ಯಾದಗಿರಿಯಿಂದಲೋ ಕಲಬುರಗಿಗೆ ಬರುವವರು ಉಳಿಯಲು ಜಾಗ ನೋಡಿಕೊಳ್ಳಬೇಕಾಗುತ್ತದೆ. ರ‍್ಯಾಪಿಡ್ ಆದರೆ ಬೆಳಿಗ್ಗೆ ಬಂದು ರಾತ್ರಿ ವಾಪಸಾಗಬಹುದು. ಬೀದರಿನವರಿಗೆ 2017ರಿಂದ ನೇರ ರೈಲು ಹಳಿಯೂ ಇದೆ. ಆದರೆ ಒಂಬತ್ತಕ್ಕೆ ರಿಪೋರ್ಟಿಂಗ್ ಅಂದರೆ ಯಾವ ಗಾಡಿ ಹೊಂದುತ್ತದೆ ಅಂತ ಹಿಂದಿನ ದಿನವೇ ನೋಡಿಡಿ. ಹೊತ್ತಿಗೆ ಮುಟ್ಟದಿದ್ದರೆ ಮೊದಲ ರೌಂಡಿನ ಪಾಯಿಂಟ್ ಹೋದಂತೆಯೇ.

ಎರಡನೆಯ ಪ್ರಶ್ನೆ, ಪ್ರೇಕ್ಷಕರಿಗೆ ಕೂರಲು ಜಾಗ ಇದೆಯಾ ಅಂತ. ಕಲ್ಯಾಣ ಮಂಟಪದಲ್ಲಿ ನಡೆದರೆ ಊಟದ ಹಾಲಿನಲ್ಲಿ ಕುರ್ಚಿ ಸಿಗುತ್ತವೆ. ಶಾಲೆಯಲ್ಲಾದರೆ ವರಾಂಡ, ಇಲ್ಲವೇ ಬೇವಿನ ಗಿಡದ ನೆರಳು. ನಾನು ಹಳೆಯ ಜಮಖಾನೆ ಒಂದನ್ನು ಯಾವಾಗಲೂ ಒಯ್ಯುತ್ತೇನೆ. ಅದನ್ನು ಹಾಸಿದ ಹತ್ತು ನಿಮಿಷಕ್ಕೆ ಇನ್ನಿಬ್ಬರು ಅವ್ವಂದಿರು ಬಂದು ಕೂತಿರುತ್ತಾರೆ.

ಶಾಲೆಗೆ ಸೂಟಿ ಇರುವಾಗಲೇ ಟೂರ್ನಿಗಳು ಹೆಚ್ಚು, ಅಂದರೆ ಏಪ್ರಿಲ್, ಮೇ. ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿರುವ ದಿನಗಳವು. ಒಳಗೆ ಫ್ಯಾನು, ಕೂಲರ್ ಇದ್ದರೂ ನೂರಾರು ಮಕ್ಕಳು ಕೂತ ಹಾಲು ಕಾದ ಹಂಚಿನ ಹಾಗಿರುತ್ತದೆ. ನೀರು ದೊಡ್ಡ ಬಾಟಲಿಯಲ್ಲಿ, ಉಪ್ಪು ಹಾಕಿದ ಮಜ್ಜಿಗೆ ಥರ್ಮಾಸಿನಲ್ಲಿ ಇರಲಿ. ರೌಂಡಿನ ನಡುವೆ ಮಿರ್ಚಿ ಭಜಿ ಕೊಡಿಸುವ ಪ್ರೀತಿಯನ್ನು ಸಂಜೆಗೆ ಇಟ್ಟುಕೊಳ್ಳಿ. ಬಾಳೆಹಣ್ಣು, ಒಂದು ಮುಷ್ಟಿ ಶೇಂಗಾ, ಬೆಲ್ಲ ಸಾಕು. ಮಧ್ಯಾಹ್ನ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಿಂದ ಮಗು ಮುಂದಿನ ರೌಂಡಿನಲ್ಲಿ ತೂಕಡಿಸುವುದಿಲ್ಲ. ಅನ್ನ ಹೊಟ್ಟೆ ತುಂಬ ಉಂಡ ಮಗು ನಾಲ್ಕನೇ ರೌಂಡಿನಲ್ಲಿ ತೂಕಡಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕ್ಲಾಸಿಕಲ್ ಆದರೆ ಎರಡು ಪೆನ್ ಬೇಕು. ಪ್ರತಿ ನಡೆಯನ್ನೂ ಬರೆಯುವುದು ಅಲ್ಲಿ ಕಡ್ಡಾಯ.

ಗೋಡೆಯ ಮೇಲಿನ ಹಾಳೆ

ಹಾಲಿನ ಹೊರಗೆ ಒಂದು ಹಾಳೆ ಅಂಟಿಸುತ್ತಾರೆ. ಅದಕ್ಕೆ ಪೇರಿಂಗ್ ಅನ್ನುತ್ತಾರೆ. ಅಂಟಿಸಿದ ಕ್ಷಣ ಜಾತ್ರೆಯ ಹಾಗೆ ನೂಕುನುಗ್ಗಲು. ಮುಂದೆ ನಿಂತವರು ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಹಿಂದಿನವರಿಗೆ ಜಾಗ ಬಿಟ್ಟರೆ ಎಲ್ಲರಿಗೂ ಅನುಕೂಲ. ಎಡಗಡೆಯ ಹೆಸರಿನವರಿಗೆ ಬಿಳಿ ಕಾಯಿ, ಬಲಗಡೆಯವರಿಗೆ ಕಪ್ಪು, ಮೊದಲ ಅಂಕಿ ಬೋರ್ಡ್ ನಂಬರ್. ಹೆಚ್ಚಿನ ಟೂರ್ನಿಗಳ ಪೇರಿಂಗ್ ಚೆಸ್ ರಿಸಲ್ಟ್ಸ್ ಅನ್ನುವ ವೆಬ್‌ಸೈಟಿನಲ್ಲೂ ಬರುತ್ತದೆ. ಊರಲ್ಲಿ ಕೂತ ಅಜ್ಜಿಗೂ ಅದರಲ್ಲಿ ನೋಡಲು ಹೇಳಬಹುದು.

ಹೊಸಬರು ಇಲ್ಲಿ ಎರಡು ಕಡೆ ಗಾಬರಿಯಾಗುತ್ತಾರೆ. ಒಂದು, ಮಗುವಿನ ಹೆಸರಿನ ಮುಂದೆ ರೇಟಿಂಗ್, ಅಂದರೆ ಆಟದ ಮಟ್ಟ ತೋರಿಸುವ ಅಂಕಿ, ಸೊನ್ನೆ ಅಂತ ಇರುತ್ತದೆ. ಅದು ಅಂಕ ಅಲ್ಲ, ಇನ್ನೂ ರೇಟಿಂಗ್ ಬಂದಿಲ್ಲ ಅಂತ ಅರ್ಥ. ಅಂತಾರಾಷ್ಟ್ರೀಯ ಸಂಸ್ಥೆ ಫಿಡೆಯ ರೇಟಿಂಗ್ 2024ರ ಮಾರ್ಚ್‌ನಿಂದ 1400ಕ್ಕೆ ಶುರುವಾಗುತ್ತದೆ. ಅದಕ್ಕಿಂತ ಕೆಳಗೆ ಅಲ್ಲಿ ಲೆಕ್ಕವೇ ಇಲ್ಲ. ಇನ್ನೊಂದು, ಮೊದಲ ರೌಂಡಿನಲ್ಲೇ ಗಟ್ಟಿ ಆಟಗಾರ ಎದುರಿಗೆ ಬರುವುದು. ಯಾರೂ ಬೇಕಂತ ಹಾಕಿದ್ದಲ್ಲ ಅದು. ಸ್ವಿಸ್ ಪದ್ಧತಿಯಲ್ಲಿ ರೇಟಿಂಗ್ ಪ್ರಕಾರ ಬರೆದ ಪಟ್ಟಿಯನ್ನು ನಡುವೆ ಎರಡು ಭಾಗ ಮಾಡಿ, ಮೇಲಿನವರಿಗೆ ಕೆಳಗಿನವರನ್ನು ಜೋಡಿ ಮಾಡುತ್ತಾರೆ. 80 ಮಕ್ಕಳಿದ್ದರೆ 1ನೇ ನಂಬರಿಗೆ 41, 2ನೇ ನಂಬರಿಗೆ 42. ಆಮೇಲಿನ ರೌಂಡ್‌ಗಳಲ್ಲಿ ಸಮ ಪಾಯಿಂಟ್ ಇದ್ದವರು ಸಮ ಪಾಯಿಂಟ್ ಇದ್ದವರ ಜೊತೆ ಆಡುತ್ತಾರೆ. ಮೊದಲ ಆಟ ಸೋತರೆ ಗಂಟುಮೂಟೆ ಕಟ್ಟಬೇಕಾಗಿಲ್ಲ, ಎಲ್ಲ ಮಕ್ಕಳೂ ಎಲ್ಲ ರೌಂಡೂ ಆಡುತ್ತಾರೆ. ಚೆಸ್ ಟೂರ್ನಿಯಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಇದೇ.

ಹಾಲಿನ ಒಳಗೆ

ಮೊಬೈಲ್ ಸೈಲೆಂಟ್ ಮಾಡಿದರೆ ಸಾಲದು, ಪೂರ್ತಿ ಆಫ್ ಮಾಡಿ. ಆರ್ಬಿಟರ್, ಅಂದರೆ ಆಟದ ತೀರ್ಪುಗಾರರು, ಒಪ್ಪದ ಹೊರತು ಆಟದ ಜಾಗದಲ್ಲಿ ಯಾರೂ ಫೋನ್ ಬಳಸುವಂತಿಲ್ಲ ಅನ್ನುವುದು ಫಿಡೆ ನಿಯಮ. ಮಗುವಿನ ಜೇಬಿನಲ್ಲಿ ಫೋನ್ ಸಿಕ್ಕರೆ ಆ ಆಟವೇ ಹೋಗಬಹುದು. ಸ್ಮಾರ್ಟ್ ವಾಚೂ ಅದೇ ಲೆಕ್ಕ, ಹಾಲಿಗೆ ಹೋಗುವ ಮೊದಲು ಕೈಯಿಂದ ಬಿಚ್ಚಿಸಿಟ್ಟುಕೊಳ್ಳಿ. ಶುರುವಿಗೆ ಫೋಟೋ ತೆಗೆಯಲು ಒಂದೆರಡು ನಿಮಿಷ ಬಿಟ್ಟರೆ ಫ್ಲ್ಯಾಶ್ ಇಲ್ಲದೆ ತೆಗೆದು ಮುಗಿಸಿ.

ಎಲ್ಲಿ ನಿಲ್ಲಬೇಕು ಅನ್ನುವುದೇ ಮುಖ್ಯ. ಇದನ್ನು ನಾನು ತಪ್ಪು ಮಾಡಿ ಕಲಿತೆ.

ಮಗಳ ಮೂರನೇ ಟೂರ್ನಿ. ನಾನು ಎದುರಾಳಿ ಹುಡುಗನ ಬೆನ್ನ ಹಿಂದೆ, ಎರಡು ಮಾರು ದೂರದಲ್ಲಿ ನಿಂತಿದ್ದೆ. ಆಕೆ ಕುದುರೆಯನ್ನು ಮುಟ್ಟಿದಳು. ಎರಡು ಬೆರಳಲ್ಲಿ ಅದರ ಕಿವಿ ಹಿಡಿದುಕೊಂಡೇ ಒಂದು ಕ್ಷಣ ತಲೆ ಎತ್ತಿ ನನ್ನ ಕಡೆ ನೋಡಿದಳು. ಆ ಕುದುರೆ ಎದ್ದರೆ ಹಿಂದಿನ ಆನೆ ಹೋಗುತ್ತದೆ ಅಂತ ನನಗೂ ಕಂಡಿತ್ತು. ನನ್ನ ತಲೆ ತಾನಾಗಿಯೇ ಅಡ್ಡ ಆಡಿತು. ಆಕೆ ಬೆರಳು ಬಿಟ್ಟು ಪಕ್ಕದ ಪ್ಯಾದಿ ಸರಿಸಿದಳು. ಹುಡುಗ ತನ್ನ ಕಾಯಿ ಮುಟ್ಟದೆ, ಗಡಿಯಾರ ನಿಲ್ಲಿಸಿ, ಕೈ ಎತ್ತಿದ. ಆರ್ಬಿಟರ್ ಬಂದು ಬಗ್ಗಿ ಕೇಳಿದರು, ‘ಮುಟ್ಟಿದ್ದೇನವ್ವಾ?’ ‘ಹೌದ್ರಿ ಸರ್.’ ಮುಟ್ಟಿದ ಕಾಯಿ ಆಡಲೇಬೇಕು, ಕುದುರೆ ಎದ್ದಿತು, ಆನೆ ಹೋಯಿತು. ಆಮೇಲೆ ಅವರು ನನ್ನ ಹತ್ತಿರ ಬಂದು, ಪಕ್ಕದವರಿಗೆ ಕೇಳಿಸದಷ್ಟು ಮೆಲ್ಲಗೆ, ‘ಮೇಡಮ್, ನೀವು ಹೊರಗ ಇರ್ರಿ’ ಅಂದರು. ಅವರು ಮಾಡಿದ್ದು ಸರಿ. ಮನೆಗೆ ಬಂದು ರೊಟ್ಟಿ ಮುರಿಯುತ್ತಾ ಮಗಳು ಅಂದಳು, ‘ಅವ್ವಾ, ನೀ ಎದುರಿಗೆ ನಿಂತ್ರ ನಾ ಬೋರ್ಡ್ ನೋಡಂಗಿಲ್ಲ, ನಿನ್ನೇ ನೋಡ್ತೀನಿ.’

ಅವತ್ತಿನಿಂದ ನಾನು ಮಗಳ ಕಣ್ಣಿಗೆ ಬೀಳುವ ಜಾಗದಲ್ಲಿ ನಿಂತಿಲ್ಲ. ನೀವೂ ಮಗುವಿನ ಬೋರ್ಡಿನಿಂದ ನಾಲ್ಕೈದು ಮೇಜು ಆಚೆ, ಬದಿಗೆ ನಿಲ್ಲಿ, ಬೇರೆ ಮಕ್ಕಳ ಆಟ ನೋಡಿ. ಎದುರಾಳಿಯ ಅಪ್ಪ ಅವ್ವನಿಗೂ ಅನುಮಾನ ಬರುವುದಿಲ್ಲ, ನಿಮ್ಮ ಮುಖ ಮಗುವಿನ ಆಟದೊಳಗೆ ಹೋಗುವುದೂ ಇಲ್ಲ.

ತಪ್ಪು ನಡೆಯೊಂದು ನಿಮ್ಮ ಕಣ್ಣಿಗೆ ಬಿದ್ದರೆ? ಬಾಯಿ ತೆರೆಯಬೇಡಿ. ಪ್ರೇಕ್ಷಕರು ಆಟದಲ್ಲಿ ತಲೆ ಹಾಕಿದರೆ ಆರ್ಬಿಟರ್ ಹೊರಗೆ ಕಳಿಸಬಹುದು. ಏನಾದರೂ ಹೇಳಲೇಬೇಕಿದ್ದರೆ ಆರ್ಬಿಟರ್‌ಗೆ ಮಾತ್ರ ಹೇಳಬಹುದು ಅನ್ನುತ್ತದೆ ನಿಯಮ. ಆದರೆ ಕೈ ಎತ್ತುವುದನ್ನು ಮಗುವಿಗೇ ಕಲಿಸಿಡುವುದು ಇದಕ್ಕಿಂತ ಒಳ್ಳೆಯದು. ‘ಗಡಿಯಾರ ನಿಲ್ಲಿಸು, ಕೈ ಎತ್ತು, ನಿನ್ನ ಕಾಯಿ ಮುಟ್ಟಬ್ಯಾಡ, ಸರ್ ಬರೋ ತನಕ ಸುಮ್ಮನ ಕೂಡು.’ ಹಿಂದಿನ ರಾತ್ರಿ ಇದನ್ನು ಎರಡು ಸಲ ಮನೆಯಲ್ಲೇ ಆಡಿ ತೋರಿಸಿ. ನಾಚಿಕೆಯ ಮಕ್ಕಳು ತಮ್ಮದು ಸರಿ ಇದ್ದರೂ ಕೈ ಎತ್ತುವುದಿಲ್ಲ. ಹೆಣ್ಣುಮಕ್ಕಳಲ್ಲಿ ಇದನ್ನು ನಾನು ಇನ್ನೂ ಹೆಚ್ಚು ನೋಡಿದ್ದೇನೆ, ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ರ‍್ಯಾಪಿಡ್‌ನಲ್ಲೂ ಕ್ಲಾಸಿಕಲ್‌ನಲ್ಲೂ ನಿಯಮಕ್ಕೆ ಹೊರತಾದ ನಡೆ ಒಮ್ಮೆ ಆಡಿದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚು ಸಿಗುತ್ತದೆ, ಎರಡನೇ ಸಲ ಆಡಿದರೆ ಸೋಲು. ಕೇಳದೆ ಬಿಟ್ಟರೆ ನಷ್ಟ ಆ ಮಗುವಿಗೇ.

ನೋಡುವುದು ಏನನ್ನು

ಬಾಗಿಲಿನಿಂದ ನೋಡಿದರೂ ಬಹಳಷ್ಟು ತಿಳಿಯುತ್ತದೆ. ಗಡಿಯಾರದಲ್ಲಿ ಯಾರ ಹೊತ್ತು ಓಡುತ್ತಿದೆ, ಯಾರು ಕೈ ಕೆಳಗೆ ಇಟ್ಟುಕೊಂಡು ಯೋಚಿಸುತ್ತಿದ್ದಾರೆ, ಯಾರ ಕೈ ಆಗಲೇ ಬೋರ್ಡಿನ ಮೇಲೆ ತೂಗುತ್ತಿದೆ. ಕೈ ತೂಗುವ ಮಗು ಅವಸರದಲ್ಲಿದೆ. ಆಟ ಮುಗಿದದ್ದು ಕೈ ಕುಲುಕಿದಾಗ ಗೊತ್ತಾಗುತ್ತದೆ. ಕೆಲವು ಕಡೆ ಇಬ್ಬರೂ ರಾಜರನ್ನು ಬೋರ್ಡಿನ ನಡುವೆ ಇಟ್ಟು ಏಳಲು ಹೇಳುತ್ತಾರೆ. ಇಬ್ಬರೂ ಬಿಳಿ ಮನೆಯಲ್ಲಿ ನಿಂತಿದ್ದರೆ ಬಿಳಿ ಗೆದ್ದಿದೆ, ಕಪ್ಪು ಮನೆಯಲ್ಲಿದ್ದರೆ ಕಪ್ಪು, ಒಂದೊಂದು ಬಣ್ಣದ ಮನೆಯಲ್ಲಿ ಒಬ್ಬೊಬ್ಬನಿದ್ದರೆ ಡ್ರಾ.

ಹಿರಿಯರನ್ನು ಕರೆದುಕೊಂಡು ಬರುವವರು ಒಂದು ಮಾತು ಮೊದಲೇ ತಿಳಿಸಿ ಹೇಳಿ. ನಮ್ಮ ಮಾವನವರು ಹಳ್ಳಿಯ ಕಟ್ಟೆಯ ಮೇಲೆ ಆಡಿ ಬೆಳೆದವರು, ಒಳ್ಳೆಯ ಆಟಗಾರರು. ಮೊದಲ ಸಲ ಟೂರ್ನಿಗೆ ಬಂದಾಗ ಬಾಗಿಲಲ್ಲೇ ಕೇಳಿದರು, ‘ಪ್ಯಾದಿ ಎರಡು ಮನಿ ಹೆಂಗ್ ಹೋತವ್ವಾ? ಮೋಸ ಅಲ್ಲೇನು?’ ಅವರ ಆಟದಲ್ಲಿ ಪ್ಯಾದಿಗೆ ಒಂದೇ ಮನೆ. ರಾಜ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು. ಪ್ಯಾದಿ ಕೊನೆಯ ಸಾಲು ಮುಟ್ಟಿದರೆ ಯಾವ ಮನೆಗೆ ಬಂತೋ ಆ ಮನೆಯ ಕಾಯಿಯಾಗುತ್ತದೆ. ಟೂರ್ನಿಯ ಆಟದಲ್ಲಿ ಪ್ಯಾದಿ ಮೊದಲ ನಡೆಗೆ ಎರಡು ಮನೆ ಹೋಗಬಹುದು, ರಾಜನ ಜಿಗಿತದ ಬದಲು ಒಂದೇ ನಡೆಯಲ್ಲಿ ರಾಜನೂ ಆನೆಯೂ ಸರಿಯುವ ಕ್ಯಾಸಲಿಂಗ್ ಇದೆ, ಕೊನೆ ಮುಟ್ಟಿದ ಪ್ಯಾದಿಯನ್ನು ಬೇಕಾದ ಕಾಯಿ ಮಾಡಿಕೊಳ್ಳಬಹುದು. ಮಾವನವರ ಆಟ ತಪ್ಪಲ್ಲ, ಹಳೆಯದು. ಎರಡು ಮನೆಯ ನಡೆಯಂಥವು ಯುರೋಪಿನಲ್ಲಿ ಆಮೇಲೆ ಸೇರಿದವು. ಬೀದರ್ ಜಿಲ್ಲೆಯ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ, 12ನೇ ಶತಮಾನದಲ್ಲಿ, ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲೇ ಚದುರಂಗದ ವಿವರಣೆ ಇದೆ. ಇದನ್ನು ಹೇಳಿದ ಮೇಲೆ ಮಾವನವರು ಬೆನ್ನು ನೆಟ್ಟಗೆ ಮಾಡಿ ಕೂತರು. ಈಗ ರೌಂಡಿನ ನಡುವೆ ಮೊಮ್ಮಗಳೇ ಮುತ್ಯಾನಿಗೆ ಹೊಸ ನಿಯಮ ಕಲಿಸುತ್ತಾಳೆ. ಹೆಸರುಗಳಿಗೂ ಗೊಂದಲ ಬೇಡ: ಕೋಚ್ ರೂಕ್ ಅಂದರೆ ನಮ್ಮ ಆನೆ, ಬಿಷಪ್ ಅಂದರೆ ಒಂಟೆ, ಕ್ವೀನ್ ಅಂದರೆ ವಜೀರ.

ಹೊರಗೆ ಕಾಯುವ ಹೊತ್ತು

ಇಲ್ಲಿ ಮಾತು ಬೇಗ ಹಾದಿ ತಪ್ಪುತ್ತದೆ. ‘ನಿಮ್ಮವನ ರೇಟಿಂಗ್ ಎಷ್ಟು’, ‘ಯಾವ ಕೋಚ್’, ‘ಫೀ ಎಷ್ಟು ತಗೋತಾರ’. ಉಪಯೋಗದ ಮಾತುಗಳೇ, ಆದರೆ ಪಕ್ಕದಲ್ಲಿ ಆಟ ಮುಗಿಸಿ ಬಂದ ಮಕ್ಕಳು ಕೂತು ಕೇಳುತ್ತಿರುತ್ತಾರೆ. ಒಂದು ಪುಸ್ತಕವೋ, ಹೆಣಿಗೆಯೋ, ಅವರೆ ಸುಲಿಯುವ ಕೆಲಸವೋ ಇರಲಿ. ಬೇಗ ಹೊರಬಂದ ಬೇರೆಯವರ ಮಗುವನ್ನು ಹಿಡಿದು ‘ಒಳಗ ನಮ್ಮಾಕಿ ಹೆಂಗದಾಳ’ ಅಂತ ಕೇಳಬೇಡಿ. ಆ ಮಗು ಬಹುಶಃ ಈಗಷ್ಟೇ ಸೋತು ಬಂದಿದೆ.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದಾಗ ಅವರ ಅಪ್ಪನೂ ಆಟದ ಕೋಣೆಯ ಹೊರಗೇ ಇದ್ದರು. ಗೆದ್ದ ಮೇಲೆ ಗುಕೇಶ್ ಕಾಯಿಗಳನ್ನೆಲ್ಲ ಮತ್ತೆ ಮೊದಲಿನಂತೆ ಬೋರ್ಡಿನ ಮೇಲೆ ಜೋಡಿಸಿದ್ದು ನೆನಪಿದೆಯಾ? ನಮ್ಮ ಮಕ್ಕಳಿಗೂ ಅದೊಂದನ್ನು ಕಲಿಸಬಹುದು. ಮುಂದಿನ ರೌಂಡಿಗೆ ಕೂರುವವರಿಗೆ ಸಿದ್ಧವಾದ ಬೋರ್ಡು ಸಿಗುತ್ತದೆ.

ಕಾಯುತ್ತಾ ಇನ್ನೊಂದು ಲೆಕ್ಕ ತಿಳಿದುಕೊಳ್ಳಿ. ಕೊನೆಗೆ ಇಬ್ಬರು ಮಕ್ಕಳು ಏಳಕ್ಕೆ ಐದು ಪಾಯಿಂಟ್ ಮಾಡಿದರೆ ಯಾರು ಮೇಲೆ? ಅದಕ್ಕೆ ಟೈಬ್ರೇಕ್. ಹೆಚ್ಚಾಗಿ ಬಳಸುವ ಬುಕ್‌ಹೋಲ್ಟ್ಸ್ ಅನ್ನುವುದರಲ್ಲಿ ನಿಮ್ಮ ಮಗು ಯಾರ ಯಾರ ಜೊತೆ ಆಡಿತೋ ಅವರೆಲ್ಲರ ಪಾಯಿಂಟ್ ಕೂಡಿಸುತ್ತಾರೆ. ಗಟ್ಟಿ ಆಟಗಾರರ ಜೊತೆ ಆಡಿದವರಿಗೆ ಲಾಭ. ಅಂದರೆ ಮೊದಲ ರೌಂಡಿನಲ್ಲಿ ನಿಮ್ಮ ಮಗುವನ್ನು ಸೋಲಿಸಿದ ಹುಡುಗ ಆಮೇಲೆ ಗೆಲ್ಲುತ್ತಾ ಹೋದಷ್ಟೂ ನಿಮ್ಮ ಮಗುವಿಗೆ ಒಳ್ಳೆಯದು. ಇದು ಗೊತ್ತಾದ ಮೇಲೆ ಮಗಳು ತನ್ನನ್ನು ಸೋಲಿಸಿದವರ ಫಲಿತಾಂಶವನ್ನು ತಾನೇ ಹುಡುಕಿ ನೋಡಿ ಖುಷಿಪಡತೊಡಗಿದಳು. ಮಧ್ಯಾಹ್ನದ ಊಟಕ್ಕೆ ಅವರನ್ನೇ ನಮ್ಮ ಜಮಖಾನೆಗೆ ಕರೆದುಕೊಂಡು ಬರುತ್ತಾಳೆ.

ಬಾಗಿಲು ದಾಟಿ ಬಂದಾಗ

‘ಏನಾಯ್ತು? ಗೆದ್ದಿಯೋ?’ ಎಲ್ಲರ ಬಾಯಿಂದಲೂ ಮೊದಲು ಬರುವುದು ಇದೇ. ದಯವಿಟ್ಟು ಇದನ್ನು ನುಂಗಿಕೊಳ್ಳಿ. ಗೆದ್ದಿದ್ದರೆ ಮಗುವೇ ಓಡಿ ಬಂದು ಹೇಳುತ್ತದೆ. ಸೋತಿದ್ದರೆ ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿಕೊಂಡು ಬರುತ್ತದೆ, ಆಗಲೇ ನಿಮಗೆ ಗೊತ್ತಾಗಿರುತ್ತದೆ. ನಾನು ನೀರಿನ ಬಾಟಲಿಯ ಮುಚ್ಚಳ ತೆಗೆದು ಕೈಗೆ ಕೊಡುತ್ತೇನೆ, ‘ಕುಡಿ’ ಅನ್ನುತ್ತೇನೆ. ಅಷ್ಟೇ. ಅರ್ಧ ಬಾಟಲಿ ಖಾಲಿಯಾಗುವ ಹೊತ್ತಿಗೆ ಮಾತು ತಾನಾಗಿ ಬರುತ್ತದೆ. ಅಳು ಬಂದರೆ ಬರಲಿ, ‘ಇಷ್ಟಕ್ಕೆಲ್ಲ ಅಳತಾರೇನು’ ಅನ್ನಬೇಡಿ. ಎರಡು ತಾಸು ಒಬ್ಬಳೇ ಕೂತು ಹೋರಾಡಿ ಬಂದವಳ ಅಳು ಅದು.

ರ‍್ಯಾಪಿಡ್‌ನಲ್ಲಿ ಮುಂದಿನ ರೌಂಡ್ ಹತ್ತು ಹದಿನೈದು ನಿಮಿಷದಲ್ಲಿ ಇರುತ್ತದೆ. ಆ ಹೊತ್ತಿನಲ್ಲಿ ಮೊಬೈಲ್ ಆ್ಯಪ್ ತೆಗೆದು ಎಲ್ಲಿ ತಪ್ಪಾಯಿತು ಅಂತ ತೋರಿಸುವ ಅಪ್ಪಂದಿರನ್ನು ನೋಡಿದ್ದೇನೆ. ಮಗು ಮುಂದಿನ ಆಟಕ್ಕೆ ಹಿಂದಿನ ಆಟವನ್ನು ಹೊತ್ತುಕೊಂಡು ಹೋಗುತ್ತದೆ. ಮೂತ್ರಕ್ಕೆ ಹೋಗಿ ಬರಲಿ, ಮುಖ ತೊಳೆಯಲಿ, ಎರಡು ಸುತ್ತು ಓಡಲಿ. ತಪ್ಪು ಹುಡುಕುವ ಕೆಲಸ ಮರುದಿನಕ್ಕಿರಲಿ, ಕೋಚ್ ಜೊತೆ. ಎದುರಾಳಿಯ ಜೊತೆ ತಾವೇ ಕೂತು ‘ನೀ ಇಲ್ಲಿ ಒಂಟಿ ಇಟ್ಟಿದ್ರ ನಾ ಸೋಲ್ತಿದ್ದೆ’ ಅಂತ ಮಾತಾಡುತ್ತಿದ್ದರೆ ಮಾತ್ರ ಬಿಟ್ಟುಬಿಡಿ, ಹತ್ತಿರವೂ ಹೋಗಬೇಡಿ. ಅದಕ್ಕಿಂತ ಒಳ್ಳೆಯ ಪಾಠ ಯಾವ ಕ್ಲಾಸಿನಲ್ಲೂ ಇಲ್ಲ.

ದೊಡ್ಡವರು ಮಾಡಬೇಕಾದ ಕೆಲಸವೂ ಒಂದಿದೆ. ಫಲಿತಾಂಶದ ಹಾಳೆಯಲ್ಲಿ ಮಗುವಿನ ಪಾಯಿಂಟ್ ಸರಿಯಾಗಿ ಏರಿದೆಯಾ ನೋಡುವುದು. ಗೆದ್ದ ಖುಷಿಯಲ್ಲಿ ಚಿಕ್ಕ ಮಕ್ಕಳು ಚೀಟಿಯಲ್ಲಿ ತಪ್ಪು ಬರೆದು ಬರುವುದುಂಟು. ತಪ್ಪಿದ್ದರೆ ಮುಂದಿನ ಪೇರಿಂಗ್ ಬೀಳುವ ಮೊದಲೇ ಮಗುವನ್ನು ಕರೆದುಕೊಂಡು ಆರ್ಬಿಟರ್ ಮೇಜಿಗೆ ಹೋಗಿ, ಶಾಂತವಾಗಿ ಹೇಳಿ. ಜೋಡಿ ಬಿದ್ದು ಆಟ ಶುರುವಾದ ಮೇಲೆ ಸರಿಪಡಿಸುವುದು ಕಷ್ಟ.

ಸಂಜೆ

ಬಹುಮಾನ ಹಂಚುವುದು ಹೇಳಿದ ಹೊತ್ತಿಗೆ ಆಗುವುದು ಅಪರೂಪ. ಕೊನೆಯ ಬಸ್ಸಿನ ಚಿಂತೆ ಇದ್ದವರು ಹೊರಟರೆ ಯಾರೂ ತಪ್ಪು ತಿಳಿಯುವುದಿಲ್ಲ. ಕಲಬುರಗಿಯವರೇ ಆದರೆ ನಿಲ್ಲಿ. ತನಗೆ ಬಹುಮಾನ ಬರದ ದಿನ ಬೇರೆಯವರಿಗೆ ಚಪ್ಪಾಳೆ ತಟ್ಟಲು ಮಗುವಿನ ಪಕ್ಕ ನೀವಿದ್ದರೆ ಆ ಚಪ್ಪಾಳೆ ಸುಲಭವಾಗುತ್ತದೆ. ಸ್ಕೋರ್‌ಶೀಟ್‌ಗಳಿದ್ದರೆ ಬರೆದ ನಡೆಗಳು ಬೆವರಿಗೆ ಅಳಿಯುವ ಮೊದಲು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮೇಲೆ ದಿನಾಂಕ, ಎದುರಾಳಿಯ ಹೆಸರು ಬರೆದಿಡಿ. ನಾವು ವಾಪಸ್ ಬರುವಾಗ ಕಲಬುರಗಿಯ ಅಪ್ಪನ ಕೆರೆಯ ಹತ್ತಿರ ಇಳಿದು, ಗಾಳಿಗೆ ಕೂತು, ಬೆಳಿಗ್ಗೆ ಬೇಡ ಅಂದಿದ್ದ ಮಿರ್ಚಿ ಭಜಿ ತಿನ್ನುತ್ತೇವೆ. ಮಗಳು ಕಟ್ಟೆಯ ಮೇಲೆ ಮಡಚುವ ಬೋರ್ಡು ಬಿಡಿಸಿ ಕಾಯಿ ಜೋಡಿಸುತ್ತಾಳೆ, ಮುತ್ಯಾನಿಗೆ ಬಿಳಿ. ‘ಎರಡು ಮನಿ ನಡಸ್ಲೇನು?’ ಅಂತ ಅವರು ಈಗಲೂ ಕೇಳಿಯೇ ಪ್ಯಾದಿ ಎತ್ತುತ್ತಾರೆ.